ಸಿಂಗಳೀಕದ ಸೀಮೆಯಲ್ಲಿ ಮಳೆಗಾಲದ ಕೊನೆ

ಶುಕ್ರವಾರ, ಶಿರಸಿಯಿಂದ ಹೆಗ್ಗರಣೆ ಕಡೆಗೆ

ರಾತ್ರಿ ಬಸ್ಸಿನಲ್ಲಿ ಹೊರಟು ಬೆಳಿಗ್ಗೆ ಶಿರಸಿಯಲ್ಲಿ ಇಳಿದೆವು. ಅಲ್ಲಿಂದ ಮುಂದಕ್ಕೆ ಭಾವನ ಹಳೇ ಕಾರು. ಸೆಪ್ಟೆಂಬರ್ ಎರಡನೇ ವಾರ, ಮಳೆ ಕಡಿಮೆಯಾಗಿರುತ್ತೆ ಅಂತ ಎಲ್ಲರೂ ಹೇಳಿದ್ದರು. ಶಿರಸಿ ಪೇಟೆಯಲ್ಲಿ ಬನ್ಸು ತಿಂದು ಚಹಾ ಕುಡಿಯುವಷ್ಟರಲ್ಲಿ ಒಂದು ಸಲ ಜೋರಾಗಿ ಹೊಡೆದು ಹೋಯಿತು. ಕೊಡೆ ಬೇಡ, ರೇನ್‌ಕೋಟ್ ಸಾಕು ಅಂದುಕೊಂಡವರು ಅಲ್ಲೇ ಒಂದು ಉದ್ದ ಕಾಲಿನ ಕೊಡೆ ತಗೊಂಡೆವು. ಈ ಕಡೆ ಬರುವವರು ಎರಡನ್ನೂ ಇಟ್ಟುಕೊಳ್ಳಿ, ಕಾಡಿನೊಳಗೆ ಕೊಡೆ ಬಿಚ್ಚೋಕೆ ಜಾಗ ಇರೋದಿಲ್ಲ, ರಸ್ತೆಯಲ್ಲಿ ರೇನ್‌ಕೋಟ್ ಹಾಕಿಕೊಂಡರೆ ಬೆವರಿ ಸಾಯುತ್ತೀರಿ.

ನಾವು ಹೊರಟಿದ್ದು ಸಿಂಗಳೀಕ ನೋಡೋಕೆ. ಕಪ್ಪು ಮೈ, ಮುಖದ ಸುತ್ತ ಬೂದು ಬಿಳಿ ಕೇಸರ, ಬಾಲದ ತುದಿಯಲ್ಲಿ ಸಿಂಹದ ಹಾಗೆ ಕುಚ್ಚು. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರೆ ಯಾವ ಕಾಡಿನಲ್ಲೂ ಇಲ್ಲ. ಕೇರಳ, ತಮಿಳುನಾಡಿನಿಂದ ಶುರುವಾಗುವ ಅದರ ಸೀಮೆ ಉತ್ತರದಲ್ಲಿ ಇಲ್ಲಿಗೆ, ಅಂದರೆ ಶಿರಸಿ, ಸಿದ್ದಾಪುರ, ಹೊನ್ನಾವರದ ಕಾಡಿಗೆ ಮುಗಿಯುತ್ತದೆ. ಇದನ್ನೆಲ್ಲ ನಾನು ಕಾರಿನಲ್ಲಿ ಉತ್ಸಾಹದಿಂದ ಹೇಳುತ್ತಿದ್ದರೆ ಭಾವ ಗೇರು ಬದಲಾಯಿಸುತ್ತಾ, "ಮಂಗ ನೋಡೋಕೆ ಇಷ್ಟು ಪೆಟ್ರೋಲ್ ಸುಡಬೇಕಾ? ನಮ್ಮ ತೋಟಕ್ಕೆ ಬಾ, ಬೆಳಿಗ್ಗೆ ಏಳು ಗಂಟೆಗೆ ಬಾಳೆಗೊನೆ ಸಮೇತ ತೋರಿಸ್ತೀನಿ" ಅಂದ.

ಈ ಮಾತು ಮುಂದೆ ಎಲ್ಲಾ ಊರಿನಲ್ಲೂ ಕೇಳಿದೆ. ಉಳಿದುಕೊಂಡ ಮನೆ ಹೆಗ್ಗರಣೆ ದಾಟಿ ಒಂದು ಕಣಿವೆಯ ತಳದಲ್ಲಿತ್ತು. ಅಂಗಳಕ್ಕೆ ಅಡಿಕೆ ದಬ್ಬೆ ಹಾಸಿದ್ದರು, ಆದರೂ ಜಾರುತ್ತಿತ್ತು. ಯಜಮಾನರು ಬಾಗಿಲಲ್ಲೇ "ಆಸ್ರಿಗೆ ಎಂತ ಆಗ್ಬಹುದು?" ಅಂತ ಕೇಳಿ ಬಿಸಿ ಕಷಾಯ ಕೊಟ್ಟರು. ಆಮೇಲೆ ಬಂದ ಕಾರಣ ಕೇಳಿದರು. ಸಿಂಗಳೀಕ ಅಂದ ಕೂಡಲೇ ನಕ್ಕರು.

"ಸರ್ಕಾರದವ್ರು ಮಂಗ ಉಳಿಸ್ತಾರಂತೆ, ಬೆಂಗಳೂರಿಂದ ನೀವು ನೋಡ್ಲಿಕ್ಕೆ ಬರ್ತೀರಿ. ನಮ್ಮ ಬಾಳೆ, ಏಲಕ್ಕಿ ಯಾರು ಉಳಿಸ್ತಾರೆ ಮಾರಾಯ್ರೆ?"

ಅವರಿಗೂ ಗೊತ್ತು, ತೋಟಕ್ಕೆ ನುಗ್ಗುವುದು ಸಿಂಗಳೀಕ ಅಲ್ಲ, ಕೆಂಪು ಮೋರೆಯ ಸಾಮಾನ್ಯ ಮಂಗ. ಸಿಂಗಳೀಕ ನೆಲಕ್ಕೆ ಇಳಿಯುವುದೇ ಅಪರೂಪ. ಆದರೆ ಕಾಡು ಉಳಿಸಿ ಅಂತ ಅರಣ್ಯ ಇಲಾಖೆ ಹಾಕಿದ ಬೋರ್ಡಿನಲ್ಲಿರೋದು ಮಂಗದ ಮುಖ. ಅದನ್ನು ನೋಡಿದ ತೋಟಿಗನಿಗೆ ನೆನಪಾಗೋದು ಹಾಳಾದ ಬಾಳೆ. ಹುಲಿ, ಆನೆಯ ಚಿತ್ರ ಹಾಕಿ ಕಾಡು ಉಳಿಸಿ ಅಂತ ಹೇಳುವ ಉಪಾಯ 1973ರ ಹುಲಿ ಯೋಜನೆಯ ಕಾಲದಿಂದ ನಡೆದಿದೆ, ನಮ್ಮ ಬಂಡೀಪುರ ಆ ಮೊದಲ ಒಂಬತ್ತು ಹುಲಿ ಕಾಡುಗಳಲ್ಲಿ ಒಂದು. ಹುಲಿಗೆ ಭಯ ಇದೆ, ಭಕ್ತಿ ಇದೆ, ಟಿಕೆಟ್ ಕೊಂಡು ಬರುವ ಜನ ಇದ್ದಾರೆ. ಮಂಗಕ್ಕೆ ಏನಿದೆ?

ಊಟಕ್ಕೆ ಅಪ್ಪೆಹುಳಿ ಇತ್ತು. ಉಪ್ಪುನೀರಿನಲ್ಲಿಟ್ಟ ಅಪ್ಪೆಮಿಡಿಯನ್ನು ಕಿವುಚಿ, ಇಂಗು ಮೆಣಸಿನ ಒಗ್ಗರಣೆ ಕೊಟ್ಟದ್ದು. ಭಾವ ಅದನ್ನು ಲೋಟಕ್ಕೆ ಹಾಕಿಸಿಕೊಂಡು ಕುಡಿದ. ಮತ್ತೆ ಹಾಕಿಸಿಕೊಂಡ. ಮಿಡಿ ಎಲ್ಲಿಂದ ಅಂತ ಕೇಳಿದೆ. "ಹೊಳೆ ದಂಡೆದು, ಅಘನಾಶಿನಿ" ಅಂದರು ಮನೆಯಕ್ಕ. ಆಮೇಲೆ ಯಜಮಾನರೂ ಅಕ್ಕನೂ ಸೇರಿ ಯಾವ ಮರದ ಮಿಡಿಗೆ ಜೀರಿಗೆ ವಾಸನೆ, ಯಾವುದಕ್ಕೆ ಕರ್ಪೂರದ ವಾಸನೆ, ಯಾವ ಮರವನ್ನು ಮಿಡಿ ಕೊಯ್ಯುವವರು ಕೊಂಬೆ ಸಮೇತ ಕಡಿದು ಹಾಳು ಮಾಡಿದರು ಅಂತ ಅರ್ಧ ಗಂಟೆ ಹೇಳಿದರು. ಮಂಗದ ಬಗ್ಗೆ ಮಾತಾಡುವಾಗ ಇಲ್ಲದ ಕಳೆ ಆಗ ಇಬ್ಬರ ಮುಖದಲ್ಲೂ ಬಂದಿತ್ತು. ಅಪ್ಪೆಮಿಡಿಗೆ 2009ರಲ್ಲಿ ಜಿಐ ಮಾನ್ಯತೆ, ಅಂದರೆ ಈ ಸೀಮೆಯದ್ದೇ ಅನ್ನುವ ಅಧಿಕೃತ ಗುರುತು ಸಿಕ್ಕಿದೆ. ಈ ಊರಿಗೆ ಬೋರ್ಡು ಬರೆಯುವ ಕೆಲಸ ನನಗೆ ಕೊಟ್ಟರೆ ನಾನು ಮಂಗದ ಪಕ್ಕದಲ್ಲಿ ಒಂದು ಮಿಡಿಗೊಂಚಲನ್ನೂ ಬರೆಸುತ್ತಿದ್ದೆ.

ಶನಿವಾರ, ಉಂಚಳ್ಳಿ

ಹೆಗ್ಗರಣೆಯಿಂದ ಜಲಪಾತಕ್ಕೆ ಐದಾರು ಕಿಲೋಮೀಟರ್. ರಸ್ತೆ ಸಣ್ಣದು, ಎದುರಿಗೆ ಜೀಪು ಬಂದರೆ ಒಬ್ಬರು ಹಿಂದಕ್ಕೆ ಹೋಗಬೇಕು. ಆಮೇಲೆ ಕಾಡಿನಲ್ಲಿ ಮೆಟ್ಟಿಲು. ಪಾಚಿ ಕಟ್ಟಿದ ಮೆಟ್ಟಿಲ ಮೇಲೆ ಚಪ್ಪಲಿ ಹಾಕಿಕೊಂಡು ಬಂದವರು ಕೂತುಕೊಂಡೇ ಇಳಿಯುತ್ತಿದ್ದರು. ಹಲ್ಲಿರುವ ರಬ್ಬರ್ ಶೂ ವಾಸಿ.

ಮೊದಲ ಮುಕ್ಕಾಲು ಗಂಟೆ ಏನೂ ಕಾಣಲಿಲ್ಲ. ಮಂಜು ಅಂದರೆ ಮಂಜು, ಸದ್ದು ಮಾತ್ರ. ಊರವರು ಇದಕ್ಕೆ ಕೆಪ್ಪ ಜೋಗ ಅನ್ನುತ್ತಾರೆ, ಪಕ್ಕದಲ್ಲಿ ನಿಂತವರ ಮಾತೂ ಕೇಳಿಸೋದಿಲ್ಲ. ಬೈನಾಕ್ಯುಲರ್ ಗಾಜಿನ ಒಳಗೇ ಹಬೆ ಕೂತಿತು. ಒರೆಸೋಕೂ ಆಗಲ್ಲ. ಪಕ್ಕದಲ್ಲಿ ಹುಬ್ಬಳ್ಳಿ ಕಡೆಯ ಹುಡುಗರ ಗುಂಪೊಂದು ಬೇಸತ್ತು ವಾಪಸ್ ಹೊರಟಿತು. ಅವರು ಹತ್ತು ಮೆಟ್ಟಿಲು ಹತ್ತಿರಬೇಕು, ಗಾಳಿ ಬೀಸಿ ಮಂಜು ಸರಿದು 116 ಮೀಟರಿನ ನೀರು ಪೂರ್ತಿ ಕಂಡಿತು. ಭಾವ ಕೂಗಿ ಕರೆದ. ಕೆಪ್ಪ ಜೋಗದ ಮುಂದೆ ಅವನ ಕೂಗು ಯಾರಿಗೆ ಕೇಳುತ್ತೆ!

ಅಘನಾಶಿನಿಗೆ ಹುಟ್ಟಿದಲ್ಲಿಂದ ಕಡಲಿನವರೆಗೆ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಯೋಜನೆಗಳು ಬಂದವು, ಜನ ತಡೆದರು. ಪಕ್ಕದ ಶರಾವತಿಯ ಕಥೆ ಬೇರೆಯೇ, ಲಿಂಗನಮಕ್ಕಿಯಿಂದ ಗೇರುಸೊಪ್ಪೆಯವರೆಗೆ ನದಿ ಕೆಲಸ ಮಾಡುತ್ತಲೇ ಇರುತ್ತದೆ. ಎರಡೂ ನದಿಗಳ ನಡುವೆ ಇರುವ ಈ ಕಾಡಿನಲ್ಲಿ ಸಿಂಗಳೀಕಗಳ ಲೆಕ್ಕ ಹಾಕಿದಾಗ ಮೂವತ್ತಕ್ಕೂ ಹೆಚ್ಚು ಗುಂಪು, 600ಕ್ಕೂ ಹೆಚ್ಚು ಪ್ರಾಣಿಗಳು ಸಿಕ್ಕಿದ್ದವು. ಅದರ ಬಲದ ಮೇಲೆ 2011ರಲ್ಲಿ ಸುಮಾರು 300 ಚದರ ಕಿಲೋಮೀಟರ್ ಕಾಡು 'ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶ' ಆಯಿತು. ಆ ಬಗೆಯ ಸಂರಕ್ಷಣೆಯಲ್ಲಿ ಊರವರ ಹಕ್ಕು ಹೋಗುವುದಿಲ್ಲ, ನಿರ್ವಹಣಾ ಸಮಿತಿಯಲ್ಲಿ ಅವರಿಗೂ ಜಾಗ ಇರುತ್ತದೆ. 2019ರಲ್ಲಿ ಅದನ್ನೂ, ಶರಾವತಿ ಕಣಿವೆಯ ಹಳೇ ಅಭಯಾರಣ್ಯವನ್ನೂ, ನಡುವಿನ ಕಾಡನ್ನೂ ಸೇರಿಸಿ 930 ಚದರ ಕಿಲೋಮೀಟರಿನ ದೊಡ್ಡ ಅಭಯಾರಣ್ಯ ಮಾಡಿದರು. ಹೆಸರು ಮತ್ತೆ ಸಿಂಗಳೀಕದ್ದೇ. ರಾತ್ರಿ ಊಟಕ್ಕೆ ಕೂತಾಗ ಯಜಮಾನರು ತಕರಾರು ಎತ್ತಿದ್ದು ಇಲ್ಲೇ. "ಮೊದಲಿಂದು ಅಡ್ಡಿಲ್ಲ ಆಗಿತ್ತು. ಅಭಯಾರಣ್ಯ ಅಂದ್ರೆ ನಾಳೆ ಬೆಟ್ಟಕ್ಕೆ ಸೊಪ್ಪಿಗೆ ಹೋದ್ರೂ ಕೇಳ್ತಾರೆ ಅಂತ ಜನಕ್ಕೆ ಹೆದರಿಕೆ." ಅಡಿಕೆ ತೋಟದವರಿಗೆ ತೋಟಕ್ಕೆ ಸೊಪ್ಪು ತರುವ ಈ ಸೊಪ್ಪಿನ ಬೆಟ್ಟ ಅಂದರೆ ಜೀವ. ಆ ಹೆದರಿಕೆಯನ್ನು ಮಂಗದ ಫೋಟೋ ಹಾಕಿ ಹೋಗಲಾಡಿಸೋಕೆ ಆಗಲ್ಲ, ಕೂತು ಮಾತಾಡಬೇಕು.

ಆದರೂ ಈ ಪ್ರಾಣಿಯನ್ನೇ ಯಾಕೆ ಆರಿಸಿದರು ಅಂತ ಉಂಚಳ್ಳಿಯ ಎದುರು ನಿಂತಾಗ ಅರ್ಥವಾಗುತ್ತದೆ. ಕಣಿವೆ ತುಂಬ ಮರದ ತಲೆಗಳು ಒಂದಕ್ಕೊಂದು ತಾಗಿಕೊಂಡಿವೆ. ಸಿಂಗಳೀಕಕ್ಕೆ ಬೇಕಾದದ್ದು ಅದೇ. ಕೊಂಬೆಯಿಂದ ಕೊಂಬೆಗೆ ಹೋಗಬೇಕು, ವರ್ಷವಿಡೀ ಒಂದಲ್ಲ ಒಂದು ಮರದಲ್ಲಿ ಹಣ್ಣಿರಬೇಕು. ನಡುವೆ ಕಡಿದು ದಾರಿ ಮಾಡಿದರೆ ಗುಂಪು ಈಚೆಯದು ಈಚೆ, ಆಚೆಯದು ಆಚೆ. ಹುಲಿ ಹಾಗಲ್ಲ, ತೇಗದ ನೆಡುತೋಪಿನಲ್ಲೂ ನಡೆದು ಹೋಗುತ್ತದೆ. ಸಿಂಗಳೀಕ ಉಳಿಸಬೇಕು ಅಂದರೆ ಮಳೆಕಾಡನ್ನು ಹಾಗೇ ಬಿಡದೆ ಬೇರೆ ದಾರಿ ಇಲ್ಲ. ಕೇರಳದ ಸೈಲೆಂಟ್ ವ್ಯಾಲಿಯಲ್ಲಿ ಕುಂತಿ ಹೊಳೆಗೆ ಅಣೆಕಟ್ಟು ಬೇಡ ಅಂತ ಹೋರಾಡಿದವರಿಗೂ ಮುಖವಾಗಿ ಸಿಕ್ಕಿದ್ದು ಇದೇ ಪ್ರಾಣಿ. 1983ರಲ್ಲಿ ಯೋಜನೆ ಕೈಬಿಟ್ಟರು, ಮರುವರ್ಷ ಅದು ರಾಷ್ಟ್ರೀಯ ಉದ್ಯಾನ.

ಭಾನುವಾರ, ಕತ್ತಲೆಕಾನು

ಸಿದ್ದಾಪುರ ದಾಟಿ ಮಾವಿನಗುಂಡಿ, ಅಲ್ಲಿಂದ ಹೊನ್ನಾವರದ ಹೆದ್ದಾರಿ. ಎಡಬಲಕ್ಕೆ ಕಾಡು ಎಷ್ಟು ದಟ್ಟ ಅಂದರೆ ಹನ್ನೊಂದು ಗಂಟೆಗೆ ಭಾವ ಹೆಡ್‌ಲೈಟ್ ಹಾಕಿದ. ಕತ್ತಲೆಕಾನಿನ ಜೌಗಿನೊಳಗೆ ಸುಮ್ನೆ ನುಗ್ಗುವ ಹಾಗಿಲ್ಲ, ಅರಣ್ಯ ಇಲಾಖೆಯ ಒಪ್ಪಿಗೆ ಮೊದಲೇ ಕೇಳಿಕೊಂಡಿದ್ದೆವು. ಜೊತೆಗೆ ಒಬ್ಬ ವಾಚರ್ ಬಂದರು. ಸಣ್ಣಗೆ, ಐವತ್ತರ ಆಸುಪಾಸು, ಕೈಯಲ್ಲಿ ಕತ್ತಿ. ನಮ್ಮ ಶೂ ಮೇಲೆ ಹೊಗೆಸೊಪ್ಪು ಸುಣ್ಣ ಕಲಸಿದ ನೀರು ಹಚ್ಚಿಸಿದರು. ಉಂಬಳಕ್ಕೆ, ಅಂದರೆ ಕಾಡಿನ ಜಿಗಣೆಗೆ, ಇದರ ಮುಂದೆ ಪೇಟೆಯ ಸ್ಪ್ರೇ ಏನೂ ಅಲ್ಲ. ಆದರೂ ಭಾವನ ಕುತ್ತಿಗೆಗೆ ಒಂದು ಹತ್ತಿತ್ತು, ಅದು ಕೆಳಗಿಂದ ಬಂತೋ ಮೇಲಿಂದ ಬಿತ್ತೋ ಅಂತ ಅವನು ಸಂಜೆವರೆಗೂ ವಾದ ಮಾಡಿದ.

ರಾಮಪತ್ರೆ ಜಡ್ಡಿ ಅನ್ನುತ್ತಾರೆ ಇದಕ್ಕೆ. ಕಣಕಾಲು ಮುಳುಗುವಷ್ಟು ನೀರು, ಕೆಳಗೆ ಕಪ್ಪು ಕೆಸರು. ಆ ಕೆಸರಿನಿಂದ ಬೇರುಗಳು ಮೇಲಕ್ಕೆ ಎದ್ದು, ಮಡಚಿದ ಮೊಣಕಾಲಿನ ಹಾಗೆ ಬಾಗಿ, ಮತ್ತೆ ಕೆಸರಿಗೆ ಇಳಿದಿವೆ. ನೋಡಿದಷ್ಟು ದೂರ ಇಂಥವೇ ನೂರಾರು. ನೀರಿನಡಿಯ ಕೆಸರಿನಲ್ಲಿ ಉಸಿರಾಡೋಕೆ ಗಾಳಿ ಇಲ್ಲ, ಅದಕ್ಕೇ ಬೇರು ಮೇಲೆ ಬಂದು ಗಾಳಿ ತಗೊಳ್ಳುತ್ತದೆ. ಜಾಯಿಕಾಯಿ ಕುಟುಂಬದ ಕಾಡು ಮರಗಳು ಇವು. ಭೂಮಿಯ ಮೇಲೆ ಇಂಥ ಜೌಗು ಉಳಿದಿರೋದು ಬಹಳ ಕಡಿಮೆ, ಅಡಿಕೆ ತೋಟಕ್ಕೂ ಗದ್ದೆಗೂ ಇದೇ ಜಾಗ ಚೆನ್ನಾಗಿ ಒಗ್ಗುವುದರಿಂದ ತುಂಬಾ ಹೋಗಿಬಿಟ್ಟಿತು. ಮಾವು, ಗೇರಿನ ಕುಟುಂಬದ ಒಂದು ಮರಕ್ಕೆ 2000ದಲ್ಲಿ ವಿಜ್ಞಾನಿಗಳು ಈ ಊರಿನ ಹೆಸರನ್ನೇ ಇಟ್ಟರು, ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ವಾಚರ್ ಅದನ್ನು ತೋರಿಸಿದರು. ದೊಡ್ಡ ಎಲೆ ಬಿಟ್ಟರೆ ನಮ್ಮ ಕಣ್ಣಿಗೆ ವಿಶೇಷ ಏನೂ ಇಲ್ಲ. ಭಾವ ಫೋಟೋ ಕೂಡ ತೆಗೆಯಲಿಲ್ಲ.

ಒಂದು ತೊರೆಯ ಪಕ್ಕ ವಾಚರ್ ಬಗ್ಗಿ ಟಾರ್ಚ್ ಬಿಟ್ಟರು. ನೀರಿನ ಮೇಲೆ ಚಾಚಿದ ಬೇರಿಗೆ ಉಗುರಿನಗಲ ಕೆಸರು ಮೆತ್ತಿಕೊಂಡಿತ್ತು. ಮಳೆನೀರು ಸಿಡಿದದ್ದು ಅಂದುಕೊಂಡೆ. "ಕುಂಬಾರ ಕಪ್ಪೆದು ಸಾರ್, ಒಳಗೆ ಮೊಟ್ಟೆ" ಅಂದರು. ಹೆಣ್ಣು ಮೊಟ್ಟೆ ಇಟ್ಟು ಹೋದ ಮೇಲೆ ಗಂಡು ಕೆಳಗಿಂದ ಮುಂಗೈಯಲ್ಲಿ ಕೆಸರು ಎತ್ತಿ ತಂದು ಮೊಟ್ಟೆಗಳ ಮೇಲೆ ಬಳಿಯುತ್ತದೆ. 2014ರಲ್ಲಿ ಇದನ್ನು ಹೊಸ ಜಾತಿ ಅಂತ ಗುರುತಿಸಿದಾಗ ಲ್ಯಾಟಿನ್ ಹೆಸರಿನಲ್ಲೂ 'ಕುಂಬಾರ' ಅಂತಲೇ ಇಟ್ಟರು. ಬಗ್ಗಿ ನೋಡಿದರೆ ಕೆಸರಿನ ಮೇಲೆ ಸಣ್ಣ ಸಣ್ಣ ಗೀರುಗಳಿದ್ದವು. ಕಪ್ಪೆಯ ಬೆರಳಿನದ್ದೇ ಇರಬೇಕು. ಅಂಚಿನಲ್ಲಿ ಕೆಸರು ಒಣಗದೆ ಹೊಳೆಯುತ್ತಿತ್ತು. ಕಪ್ಪೆ ಕಾಣಲಿಲ್ಲ, ಎಲ್ಲೋ ಹತ್ತಿರದಲ್ಲೇ ಟೊಕ್ ಟೊಕ್ ಅನ್ನುತ್ತಿತ್ತು.

ಈಗ ಹೇಳಿ, ಈ ಕಪ್ಪೆಯ ಹೆಸರಿನಲ್ಲಿ 930 ಚದರ ಕಿಲೋಮೀಟರ್ ಯಾರಾದರೂ ಕೊಡುತ್ತಿದ್ದರಾ? ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು, ಮಳೆಗಾಲದಲ್ಲಿ ರಾತ್ರಿ ಮಾತ್ರ ಸರಿಯಾಗಿ ಕಾಣೋದು. ಮಂಗಕ್ಕೆ ಕೊಟ್ಟ ಕಾಡಿನಲ್ಲಿ ಕಪ್ಪೆ ಬಾಡಿಗೆ ಇಲ್ಲದೆ ಇದೆ. ನನಗೆ ಇದು ಸರಿ ಅನ್ನಿಸಿತು. ಆದರೆ ಎಲ್ಲಾ ಕಡೆ ಹೀಗೆ ಆಗುತ್ತೆ ಅಂತ ನಂಬೋಕೆ ಆಗಲ್ಲ. ಮುಖಕ್ಕೆ ಆರಿಸಿದ ಪ್ರಾಣಿ ಬೇರೆ ಥರದ ಜಾಗದ್ದಾಗಿದ್ದರೆ ಜಡ್ಡಿ ಹೋಗುತ್ತಿತ್ತು, ಬೋರ್ಡು ಉಳಿಯುತ್ತಿತ್ತು.

ವಾಚರ್ ಹತ್ತಿರ ಮಂಗನ ಕಾಯಿಲೆಯ ಮಾತೂ ಬಂತು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡದ್ದು. 2019ರ ಹೊತ್ತಿಗೆ ಇಲ್ಲಿಂದ ದೂರವೇನಲ್ಲದ ಸಾಗರದ ಅರಳಗೋಡಿನಲ್ಲಿ ಜನ ಸತ್ತರು. ಹರಡುವುದು ಉಣುಗಿನಿಂದ, ಅಂದರೆ ಉಣ್ಣೆಯಿಂದ, ಹೆಸರು ಮಾತ್ರ ಮಂಗನ ತಲೆಗೆ. "ಮಂಗ ಸತ್ತು ಬಿದ್ರೆ ನಮಗೆ ಮೊದಲು ಎದೆ ಹೊಡ್ಕೊಳ್ತದೆ" ಅಂದರು. ಡಿಸೆಂಬರ್ ನಂತರ ಬೇಸಿಗೆವರೆಗೆ ಬರುವವರು ಆರೋಗ್ಯ ಇಲಾಖೆಯವರನ್ನು ವಿಚಾರಿಸಿ, ಉಣುಗು ಹತ್ತದಂತೆ ಅವರು ಕೊಡುವ ಡೆಪಾ ಎಣ್ಣೆ ಹಚ್ಚಿಕೊಂಡು, ಮನೆಗೆ ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ ಮಾಡಿ ಬಟ್ಟೆ ಒಗೆಯಬೇಕು. ಮಳೆಗಾಲದಲ್ಲಿ ಉಂಬಳ ಜಾಸ್ತಿ, ಆದರೆ ಅದು ಬರೀ ರಕ್ತ ಕುಡಿಯುತ್ತೆ.

ಸಿಂಗಳೀಕ ಸಿಕ್ಕಿದ್ದು ಜಡ್ಡಿಯಿಂದ ವಾಪಸ್ ಬರುವಾಗ. ಮೊದಲು ಮೇಲಿಂದ ತೊಗಟೆ ಚೂರು ಬಿತ್ತು. ತಲೆ ಎತ್ತಿದರೆ ಒಂದು ಹೆಣ್ಣು ಒಣ ಕೊಂಬೆಯ ಸಿಪ್ಪೆ ಕೀಳುತ್ತಾ ಹುಳ ಹುಡುಕುತ್ತಿತ್ತು. ಕಿತ್ತು, ಮೂಸಿ, ಬೆರಳಲ್ಲಿ ಕೆದಕಿ, ಬಾಯಿಗೆ. ಕೆನ್ನೆಯ ಚೀಲ ಉಬ್ಬಿತ್ತು. ಹೊಟ್ಟೆಗೆ ಒಂದು ಮರಿ ಅಂಟಿಕೊಂಡಿತ್ತು. ಇನ್ನೂ ಮೇಲೆ ಗಂಡು, ಕೇಸರ ಒದ್ದೆಯಾಗಿ ಅಂಟಿ ಮುಖ ಚಿಕ್ಕದಾಗಿ ಕಾಣುತ್ತಿತ್ತು, ಬೋರ್ಡಿನ ಠೀವಿ ಏನೂ ಇರಲಿಲ್ಲ. ಹತ್ತು ನಿಮಿಷ ನೋಡಿದೆವು. ಭಾವ ಒಂದೇ ಒಂದು ಮಾತಾಡಲಿಲ್ಲ, ಅದೇ ದೊಡ್ಡ ವಿಷಯ.

ರಸ್ತೆಗೆ ಬಂದರೆ ಇನ್ನೊಂದು ನೋಟ. ಕಾರು ನಿಲ್ಲಿಸಿಕೊಂಡ ಒಂದು ಕುಟುಂಬ ಬಾಳೆಹಣ್ಣು ಎಸೆಯುತ್ತಿತ್ತು, ಎರಡು ಸಿಂಗಳೀಕ ರಸ್ತೆ ಅಂಚಿಗೇ ಇಳಿದಿದ್ದವು. ವಾಚರ್ ಓಡಿಹೋಗಿ ಬೈದರು. "ಅಪರೂಪದ ಪ್ರಾಣಿ ಅಂತ ನೀವೇ ಬೋರ್ಡ್ ಹಾಕಿದ್ದೀರಲ್ಲ, ಪ್ರೀತಿಯಿಂದ ಕೊಟ್ವಿ" ಅಂದರು ಅವರು. ಕೋಪ ಬಂದರೂ, ಅವರ ಮಾತಿನಲ್ಲಿ ಸತ್ಯ ಇತ್ತು. ಮುಖ ಚೆನ್ನಾಗಿದೆ ಅಂತ ತೋರಿಸಿ ಜನ ಕರೆದರೆ ಜನ ಮುಖಕ್ಕೇ ಬರುತ್ತಾರೆ. ಹಣ್ಣಿನ ರುಚಿ ಹತ್ತಿದ ಗುಂಪು ಮರ ಬಿಟ್ಟು ಹೆದ್ದಾರಿಗೆ ಇಳಿಯುತ್ತದೆ, ಲಾರಿ ಅವುಗಳಿಗಾಗಿ ನಿಲ್ಲಲ್ಲ.

ಸೋಮವಾರ, ಗೇರುಸೊಪ್ಪೆ ದಾರಿ

ಬೆಳಿಗ್ಗೆ ಘಟ್ಟ ಇಳಿಯುವಾಗ ರಸ್ತೆಗೆ ಅಡ್ಡ ಮರ ಬಿದ್ದಿತ್ತು. ನಮ್ಮ ಮುಂದೆ ಒಂದು ಸರ್ಕಾರಿ ಬಸ್ಸು, ಹಿಂದೆ ಲಾರಿಗಳ ಸಾಲು. ಯಾರೋ ಕತ್ತಿ ತಂದರು, ಯಾರೋ ಗರಗಸಕ್ಕೆ ಹೋದರು. ಬಸ್ಸಿನ ಹೆಂಗಸರು ಇಳಿದು ಎಲೆಅಡಿಕೆ ಹಾಕಿಕೊಂಡು ಕೂತರು. ನಮ್ಮ ಹತ್ತಿರ ಇದ್ದ ತೊಡೆದೇವು ಪೊಟ್ಟಣ ಅಲ್ಲೇ ಖಾಲಿಯಾಯಿತು.

ಒಬ್ಬ ಅಜ್ಜಿ ಉಪ್ಪಾಗೆ ಕೊಯ್ಯುವವರ ಮನೆಯವರು. ಮಳೆಗಾಲದಲ್ಲಿ ಕಾಡಿಗೆ ಹೋಗಿ ಉಪ್ಪಾಗೆ ಹಣ್ಣು ತಂದು, ಬೀಜ ತೆಗೆದು, ಸಿಪ್ಪೆಯನ್ನು ಒಲೆ ಮೇಲೆ ಒಣಗಿಸಿ ಮಾರುತ್ತಾರೆ. ಕೇರಳದಲ್ಲಿ ಮೀನು ಸಾರಿನ ಹುಳಿಗೆ ಹೋಗುತ್ತದೆ, ತೂಕ ಇಳಿಸುವ ಮಾತ್ರೆ ಮಾಡುವವರೂ ಕೊಳ್ಳುತ್ತಾರೆ. ಅದೇ ಹಣ್ಣು ಸಿಂಗಳೀಕಕ್ಕೂ ಬೇಕು. "ದರ ಬಂದ ವರ್ಷ ಕಾಯಿ ಬಲಿಯೂ ಮುಂಚೆನೇ ಯಾರಾರು ಕೊಯ್ಕಂಡು ಹೋತ್ರು. ನಾವು ಬಿಟ್ರೆ ಮತ್ತೊಬ್ರು" ಅಂದರು ಅಜ್ಜಿ. ಮಂಗಕ್ಕೆ ಬಿಡ್ತೀರಾ ಅಂತ ಕೇಳಿದ್ದಕ್ಕೆ, "ತುದಿ ಕೊಂಬೆದು ಅದ್ಕೇಯ, ಅಲ್ಲಿಗೆ ನಮ್ಗೆ ಹತ್ತೂಕೆ ಆತದ್ಯಾ?" ಅಂತ ನಕ್ಕರು. ಒಣಗಿಸೋಕೆ ಸೌದೆ ರಾಶಿ ರಾಶಿ ಬೇಕು. ಕಡಿಮೆ ಸೌದೆಯ ಒಲೆಗಳು ಈ ಕಡೆ ಬಂದಿವೆ ಅಂತ ಕೇಳಿದಾಗ ನನಗೆ ಅನ್ನಿಸಿದ್ದು, ಸಿಂಗಳೀಕದ ಹೆಸರಲ್ಲಿ ದುಡ್ಡು ಬಂದರೆ ಮೊದಲು ಹೋಗಬೇಕಾದದ್ದು ಇಂಥ ಒಲೆಗೆ.

ಗೇರುಸೊಪ್ಪೆಯಲ್ಲಿ ಚಹಾ ಅಂಗಡಿಯ ಮಾತೆಲ್ಲ ಪಂಪ್ಡ್ ಸ್ಟೋರೇಜ್ ಬಗ್ಗೆ. ಕೆಳಗಿನ ನೀರನ್ನು ಮೇಲಕ್ಕೆ ಪಂಪ್ ಮಾಡಿ, ಬೇಕಾದಾಗ ಕೆಳಗೆ ಬಿಟ್ಟು ಕರೆಂಟು ತೆಗೆಯೋದು ಅದು. ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ನೆಲದಡಿಯಲ್ಲಿ 2000 ಮೆಗಾವ್ಯಾಟ್ ಯೋಜನೆ, ಅದೂ ಸಿಂಗಳೀಕದ ಹೆಸರಿನ ಅಭಯಾರಣ್ಯದೊಳಗೆ. ಒಬ್ಬರು ಕರೆಂಟು ಬೇಕಲ್ಲ ಅಂದರು, ಇನ್ನೊಬ್ಬರು ಶರಾವತಿ ಇನ್ನೆಷ್ಟು ಕೊಡಬೇಕು ಅಂದರು. ವಿರೋಧಿಸುವವರ ಬ್ಯಾನರಿನಲ್ಲಿ ಸಿಂಗಳೀಕ ಇರುವುದು ಸಹಜ. ನನಗನ್ನಿಸಿದ್ದು, ಮನೆ ಮುಳುಗಡೆ ಕಂಡ ಜನರ ಮಾತು ಅದಕ್ಕಿಂತ ಗಟ್ಟಿ. ಮಂಗದ ಚಿತ್ರ ದೆಹಲಿಯ ಕಡತಕ್ಕೆ, ಈ ಮಾತು ಊರಿನ ಸಭೆಗೆ. ಎರಡೂ ಬೇಕು.

ಮಂಗಳವಾರ, ಅಘನಾಶಿನಿ ಅಳಿವೆ

ಕುಮಟಾದಲ್ಲಿ ಮಲಗಿ ಬೆಳಿಗ್ಗೆ ಮಾಣಿಕಟ್ಟಾ ಕಡೆಗೆ ಹೋದೆವು. ಬಿಸಿಲು! ಉಂಚಳ್ಳಿಯಲ್ಲಿ ಬಿದ್ದ ನೀರು ಇಲ್ಲಿ ಅಗಲವಾಗಿ, ಮಣ್ಣಿನ ಬಣ್ಣದಲ್ಲಿ ಕಡಲಿಗೆ ಹೋಗುತ್ತಿತ್ತು. ಅಳಿವೆ ಅಂಚಿನ ಉಪ್ಪುನೀರಿನ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ ಎದೆಯೆತ್ತರ ನಿಂತಿತ್ತು. ಉಪ್ಪುನೀರು ನುಗ್ಗಿದರೂ, ನೆರೆ ನಿಂತರೂ ಸಾಯದ ಭತ್ತ, ಗೊಬ್ಬರ ಔಷಧಿ ಏನೂ ಕೇಳಲ್ಲ. ಅನ್ನ ಕೆಂಪಗೆ. ಖಾನಾವಳಿಯಲ್ಲಿ ಕಗ್ಗದ ಅಕ್ಕಿ ಕೇಳಿದರೆ ಸಿಗಲಿಲ್ಲ, ಮನೆಗಳಲ್ಲಿ ಕೇಳಬೇಕಂತೆ.

ಈ ಅಳಿವೆಗೆ 2024ರಲ್ಲಿ ರಾಮ್ಸಾರ್ ಮಾನ್ಯತೆ, ಅಂದರೆ ಜಾಗತಿಕ ಮಹತ್ವದ ಜೌಗು ಪ್ರದೇಶ ಅನ್ನುವ ಗುರುತು ಬಂದಿದೆ. ಅದಕ್ಕೂ ಮುಂಚೆ ತದಡಿಯಲ್ಲಿ ಉಷ್ಣ ವಿದ್ಯುತ್ ಸ್ಥಾವರ ಬೇಡ ಅಂತ ಜನ ಹೋರಾಡಿದ್ದರು. ಆಗ ಮುಂದೆ ನಿಲ್ಲಿಸೋಕೆ ಇಲ್ಲಿ ಕೇಸರದ ಮಂಗ ಇರಲಿಲ್ಲ. ಮೀನು, ಏಡಿ, ಬಳಚು ಅನ್ನುವ ಚಿಪ್ಪುಜೀವಿ, ಇವೇ ಇದ್ದದ್ದು. ಇಳಿತದ ಹೊತ್ತಿಗೆ ಕೆಸರಿಗೆ ಇಳಿದು ಬಳಚು ಹೆಕ್ಕಿ ಎಷ್ಟೋ ಮನೆ ನಡೆಯುತ್ತದೆ.

ಅಘನಾಶಿನಿ ಊರಿನ ದಕ್ಕೆಯಲ್ಲಿ ತದಡಿಗೆ ಹೋಗುವ ದೋಣಿ ಕಾಯುತ್ತಾ ಒಬ್ಬ ಅಕ್ಕನ ಜೊತೆ ಮಾತಾಯಿತು. "ಎಂತಾ ನೋಡೂಕೆ ಬಂದ್ರಿ?" ಅಂದರು. ಘಟ್ಟದ ಮೇಲಿನ ಕಥೆಯೆಲ್ಲ ಹೇಳಿದೆವು. ಬಳಚು ಈಗ ಇಲ್ಲ, ಮಳೆ ನಿಂತು ನೀರು ಉಪ್ಪಾಗಬೇಕು, ಆಮೇಲೆ ಬನ್ನಿ ಅಂದರು. ಭಾವ ಸುಮ್ಮನಿರದೆ, ಇಲ್ಲೂ ಒಂದು ಬೋರ್ಡ್ ಹಾಕಿ ಬಳಚಿನ ದೊಡ್ಡ ಫೋಟೋ ಇಟ್ಟರೆ ಹೇಗೆ ಅಂತ ಕೇಳಿದ.

"ಬಳಚಿನ ಫೋಟೋ ನೋಡೂಕೆ ಯಾರು ಬತ್ರು?" ಅಂದರು ಅಕ್ಕ. "ಒಂದ್ಸಲ ಸುಕ್ಕಾ ಮಾಡಿ ಹಾಕ್ರಿ, ಎಲ್ಲಾ ಬತ್ರು."

ಭಾವ ಫೋನ್ ತೆಗೆದು ಜನವರಿಗೆ ಒಂದು ಜ್ಞಾಪನೆ ಹಾಕಿಕೊಂಡ.